ಶ್ರಾವಣದ ಮೊದಲ ತೀರ್ಥ

ದೇವಸ್ಥಾನದ ಬಾಗಿಲು ಯಾವಾಗ ತೆಗೆಯಬೇಕು ಎಂದು ಚರ್ಚಿಸಲು ಕರೆದ ಸಭೆಯಲ್ಲಿ ಬಂದವರೆಲ್ಲ ಮೊದಲು ಮಾಡಿದ ಕೆಲಸವೆಂದರೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿದ್ದು. ನಮ್ಮೂರಿನಲ್ಲಿ ಮಾಸ್ಕ್ ಇದ್ದದ್ದು ಗಡ್ಡಕ್ಕೆ ಚಳಿಯಾಗದಿರಲಿ ಎಂದು. ನಾನು ಸರ್ಕಾರಿ ಶಾಲೆಯ ಟೀಚರ್, ತಪ್ಪು ಕಂಡರೆ ನಾಲಿಗೆ ಸುಮ್ಮನಿರುವುದಿಲ್ಲ. "ಮೂಗಿನ ಮೇಲೆ ಏರಿಸಿ" ಎಂದೆ. ಮಕ್ಕಳ ಹಾಗೆ ಎಲ್ಲರೂ ಏರಿಸಿದರು. ಮಾತು ಶುರುವಾದ ಕೂಡಲೇ ಮತ್ತೆ ಇಳಿಸಿದರು.

ಮಾದಾಪುರದಿಂದ ಒಳಗೆ ತಿರುಗಿದರೆ ಸಿಗುವ ನಮ್ಮೂರಿಗೆ ಇರುವುದು ಒಂದೇ ಈಶ್ವರ ದೇವಸ್ಥಾನ. ನನ್ನ ಗಂಡ ಸುಬ್ಬಣ್ಣ ಭಟ್ಟರು ಅದರ ಅರ್ಚಕರು. ಕೊರೊನಾ ಬಂದಾಗಿನಿಂದ ದೇವಸ್ಥಾನ ತೆಗೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಎರಡನೇ ಅಲೆಯಲ್ಲಂತೂ ಇವರೊಬ್ಬರೇ ಒಳಗೆ ಹೋಗಿ, ಒಳಗಿನಿಂದ ಅಗುಳಿ ಹಾಕಿಕೊಂಡು ಪೂಜೆ ಮುಗಿಸಿ ಬರುತ್ತಿದ್ದರು. ಈಗ ಅಲೆ ಇಳಿದಿತ್ತು, ಅಥವಾ ಇಳಿದಿದೆ ಎಂದು ಟಿ.ವಿ. ಹೇಳುತ್ತಿತ್ತು. ಸರ್ಕಾರ ದರ್ಶನಕ್ಕೆ ಅಪ್ಪಣೆ ಕೊಟ್ಟಿತ್ತು, ತೀರ್ಥ ಪ್ರಸಾದಕ್ಕೆ ಕೊಟ್ಟಿರಲಿಲ್ಲ. ಬರುವ ಸೋಮವಾರ ಶ್ರಾವಣದ ಮೊದಲ ಸೋಮವಾರ. ಈ ಸಭೆ ಸೇರಿದ್ದು ಅದಕ್ಕೇ.

"ಬ್ರಾಂದಿ ಅಂಗಡಿ ತೆಗ್ದು ಯಾವ ಕಾಲ ಆಯ್ತು" ಎಂದರು ಚನ್ನಮಲ್ಲಪ್ಪನವರು. ಅವರು ದೇವಸ್ಥಾನ ಸಮಿತಿಯ ಅಧ್ಯಕ್ಷರು, ಕಾಫಿ ಮೆಣಸಿನ ವ್ಯಾಪಾರಿ, ದನಿ ದೊಡ್ಡದು. "ಸಂತೆ ನಡೀತದೆ. ಬಸ್ಸಿನ ಬಾಗ್ಲಲ್ಲಿ ಜನ ನೇತಾಡ್ಕೊಂಡು ಹೋಯ್ತರೆ. ಎಲ್ಲರ್ಗೂ ಬಿಡುಗಡೆ ಆಗಿ, ಈಶ್ವರ ಒಬ್ಬನೇ ಜೈಲಲ್ಲವ್ನೆ."

ಮೆಡಿಕಲ್ ಅಂಗಡಿಯ ಅನಿಲ್‌ಕುಮಾರ್ ತಲೆಯಾಡಿಸಿದ. "ಅಣ್ಣಾ, ಜ್ವರದ ಮಾತ್ರೆ ಮೊದಲಿನ ಹಂಗೇ ಖರ್ಚಾಯ್ತಾ ಅದೆ. ಊರಲ್ಲಿ ಜ್ವರ ಕಮ್ಮಿ ಆಗಿಲ್ಲ, ಹೇಳ್ಕಳೋದು ಕಮ್ಮಿ ಆಗ್ಯದೆ. ಟೆಸ್ಟ್ ಮಾಡಿಸ್ಕಳಿ ಅಂದ್ರೆ ಮಳೆಗಾಲದ ಶೀತ ಅಂತರೆ. ದೀಪಾವಳಿಗಂಟ ಕಾಯಣ."

"ದೀಪಾವಳಿಗೆ ಮೂರನೇ ಅಲೆ ಬತ್ತದೆ ಅಂತೀಯ. ಶಿವರಾತ್ರಿಗೆ ನಾಲ್ಕನೇದು. ನಿನ್ನ ಲೆಕ್ಕದಲ್ಲಿ ನಾವು ಸತ್ ಮೇಲೆ ದೇವಸ್ಥಾನಕ್ಕೆ ಬರಬೇಕು."

ಅಧ್ಯಕ್ಷರ ಮಾತಿಗೆ ಜನ ನಕ್ಕರು. ನನಗೆ ರೇಗಿತು. "ಶಾಲೆಗೇ ಇನ್ನೂ ಬೀಗ ಇದೆ. ಮಕ್ಕಳನ್ನ ಮನೇಲಿ ಕೂರಿಸಿ, ವಯಸ್ಸಾದವರನ್ನ ತೀರ್ಥಕ್ಕೆ ಕರೆಯೋದು ಯಾವ ನ್ಯಾಯ? ಬಾಗಿಲು ಬೇಕಾದ್ರೆ ತೆಗೀರಿ, ದೂರದಿಂದ ಕೈ ಮುಗಿದು ಹೋಗ್ಲಿ. ತೀರ್ಥ ಬೇಡ" ಎಂದೆ.

"ದೇವ್ರು ಕೊಟ್ರೂ ಪೂಜಾರಿ ಕೊಡ ಅಂತ ಕೇಳಿದ್ದೆ" ಎಂದರು ಚನ್ನಮಲ್ಲಪ್ಪ. "ಪೂಜಾರಿ ಕೊಟ್ರೂ ಪೂಜಾರಿ ಹೆಂಡ್ತಿ ಕೊಡಲ್ಲ ಅನ್ನೋದನ್ನ ಇವತ್ತೇ ನೋಡಿದ್ದು."

ಈ ಸಲ ಇನ್ನೂ ಜೋರಾಗಿ ನಕ್ಕರು. ನನ್ನ ಗಂಡ ಕೂಡ ನಕ್ಕರು, ಅದು ನನಗೆ ಚುಚ್ಚಿತು.

ಚನ್ನಮಲ್ಲಪ್ಪನವರ ಹಟಕ್ಕೆ ಕಾರಣವೊಂದಿತ್ತು. ಅದು ಅಲ್ಲೇ ಮೆಟ್ಟಿಲ ಮೇಲೆ ಶಾಲು ಹೊದ್ದು ಕುಳಿತಿತ್ತು. ಅವರ ಹೆಂಡತಿ ಸುಲೋಚನಮ್ಮ. ಹೋದ ವರ್ಷ ಅವರಿಗೆ ಎದೆಯ ಗಂಟು ತೆಗೆಸಿದ್ದರು. ಆಮೇಲೆ ಮೈಸೂರಿಗೆ ಹೋಗಿ ಬಂದು ಔಷಧಿ. ಉದುರಿದ ಕೂದಲು ಈಗಷ್ಟೇ ಹುಡುಗರ ಕ್ರಾಪಿನಷ್ಟು ಬಂದಿತ್ತು. ಡಾಕ್ಟರು ಲಸಿಕೆ ಹಾಕಿಸಿ ಎಂದರೂ ಮನೆಯವರು ಹೆದರಿ, ಈ ಮೈಗೆ ಸೇರಿದ ಔಷಧಿಯೇ ಸಾಕು ಎಂದು ಹಾಕಿಸಿರಲಿಲ್ಲ. ಊರಿನಲ್ಲಿ ಯಾರಿಗೆ ಕೊರೊನಾ ಬಂದರೂ ತಡೆದುಕೊಂಡಾರು, ಈ ಹೆಂಗಸಿಗೆ ಬಂದರೆ ಕಷ್ಟ. ಅದು ನನಗೂ ಗೊತ್ತಿತ್ತು, ಅನಿಲನಿಗೂ ಗೊತ್ತಿತ್ತು.

"ನಂಗೇನೂ ಜಾಸ್ತಿ ಬೇಡ ಭಟ್ರೆ" ಎಂದರು ಸುಲೋಚನಮ್ಮ. "ಆಪರೇಸನ್ನಿಗೆ ಹೋಗುವಾಗ ಹೇಳ್ಕಂಡಿದ್ದೆ. ಬದುಕಿ ಬಂದ್ರೆ ನಿನ್ನ ಬಾಗ್ಲಲ್ಲಿ ನಿಂತು ತೀರ್ಥ ತಗತೀನಿ ಈಶ್ವರಾ ಅಂತ. ಬದುಕಿ ಬಂದೆ. ಬಾಗ್ಲೇ ಹಾಕಿತ್ತು."

ಆಮೇಲೆ ಯಾರೂ ನಗಲಿಲ್ಲ. ಎಲ್ಲರೂ ನನ್ನ ಗಂಡನ ಮುಖ ನೋಡಿದರು. ಇವರದು ಬೆಣ್ಣೆಯಂಥ ಮನಸ್ಸು. ಎದುರಿಗೆ ನಿಂತು ಕೇಳಿದವರಿಗೆ ಇಲ್ಲ ಎಂದವರೇ ಅಲ್ಲ, ನನಗೊಬ್ಬಳಿಗೆ ಬಿಟ್ಟು. "ಸೋಮವಾರ ಬಾಗಿಲು ತೆಗೀತೀನಿ. ತೀರ್ಥ ಕೊಡ್ತೀನಿ" ಎಂದರು.

ಅನಿಲನನ್ನೂ ಸಮಾಧಾನ ಮಾಡಬೇಕಲ್ಲ, ಅದಕ್ಕೊಂದು ಒಪ್ಪಂದವಾಯಿತು. ಆರತಿ ತಟ್ಟೆ ಹೊರಗೆ ತರುವುದು ಬೇಡ, ಪ್ರಸಾದ ಹಂಚುವುದು ಬೇಡ, ತೀರ್ಥ ಮಾತ್ರ, ಅದೂ ಮೇಲಿನಿಂದ ಕೈ ತಾಗದ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವೈರಸ್ಸು ಸಮಿತಿಯ ಠರಾವು ಓದಿಕೊಂಡೇ ಊರೊಳಗೆ ಬರುತ್ತದೆ ಎಂಬ ಧೈರ್ಯದಲ್ಲಿ ಸಭೆ ಮುಗಿಯಿತು.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. ನನ್ನ ಅಣ್ಣ ಮಡಿಕೇರಿಯಲ್ಲಿ ತಾಲ್ಲೂಕು ಕಚೇರಿಯಲ್ಲಿದ್ದವನು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿ, "ಕಾತೂ, ನಿನ್ನ ಅತ್ತಿಗೆ ಕಾಫಿಗೆ ಡಿಕಾಕ್ಷನ್ನೇ ಹಾಕಿಲ್ಲ ಅಂತ ಜಗಳ ಆಡ್ದೆ ಕಣೇ. ನೋಡಿದ್ರೆ ನಂಗೇ ವಾಸನೆ ಬರ್ತಿಲ್ಲ" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ಆ ತಿಂಗಳು ಮುಗಿಯುವುದರೊಳಗೆ ಅವನನ್ನು ಆಸ್ಪತ್ರೆಯ ಗೇಟಿನ ಹೊರಗೆ ನಿಂತು, ಆಂಬುಲೆನ್ಸಿನ ಗಾಜಿನಲ್ಲಿ ಒಂದು ನೀಲಿ ಗಂಟಾಗಿ ನೋಡಿದೆ. ಅದನ್ನೆಲ್ಲ ಇವರಿಗೆ ಮತ್ತೆ ಹೇಳಿದೆ.

"ನಿಮ್ಮಣ್ಣನ ದುಃಖಾನ ಇಡೀ ಊರ ಮೇಲೆ ಹೇರಬೇಡ ಕಾತ್ಯಾಯನಿ" ಎಂದರು ಇವರು. "ಎಂದಾದ್ರೂ ಒಂದು ದಿನ ಬಾಗಿಲು ತೆಗೀಲೇಬೇಕಲ್ಲ?"

ಆ ಮಾತಿಗೆ ನಾನು ಇವರ ಜೊತೆ ಮಾತು ಬಿಟ್ಟೆ. ಭಾನುವಾರ ಪೂರ್ತಿ ಇವರು ದೇವಸ್ಥಾನ ತೊಳೆದರು, ಸಂಜೆ ಬಿಲ್ವಪತ್ರೆಗೆ ಹೋಗಿ ಬಂದರು. ಮೈಕೈ ನೋವು ಎಂದು ಸೊಂಟ ನೀವಿಕೊಳ್ಳುತ್ತಿದ್ದರು. ಅಷ್ಟು ನೆಲ ತೊಳೆದವರಿಗೆ ನೋಯದೆ ಇರುತ್ತದೆಯೇ ಎಂದುಕೊಂಡೆ. ರಾತ್ರಿ ವ್ರತದ ಊಟ, ಉಪ್ಪಿಲ್ಲದ ಅವಲಕ್ಕಿ. ಸುಮ್ಮನೆ ತಿಂದು ಎದ್ದರು.

ಸೋಮವಾರ ಬೆಳಿಗ್ಗೆ ಮಳೆ ಹೊಳವಾಗಿ ಬಿಸಿಲು ಬಂದಿತ್ತು. ದೇವಸ್ಥಾನದ ಪಕ್ಕದಲ್ಲಿರುವ ನೈವೇದ್ಯದ ಕೋಣೆಯಲ್ಲಿ ಇವರು ಮಡಿಯುಟ್ಟು ಪಾಯಸಕ್ಕಿಟ್ಟಿದ್ದರು. ಮಡಿಯಲ್ಲಿದ್ದವರನ್ನು ಮುಟ್ಟುವಂತಿಲ್ಲ, ಆ ಕೋಣೆಗೆ ಹೋಗುವಂತಿಲ್ಲ. ನಾನು ಹೊರಗಿನ ಜಗಲಿಯಲ್ಲಿ ಕುಳಿತು ಸುಗಂಧರಾಜದ ಹಾರ ಕಟ್ಟುತ್ತಿದ್ದೆ. ಜನ ಆಗಲೇ ಒಬ್ಬೊಬ್ಬರಾಗಿ ಬಂದು, ಅನಿಲ ಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ನಿಲ್ಲುತ್ತಿದ್ದರು. ಹೊಸ ಸೀರೆ, ಹೊಸ ಪಂಚೆ. ಎಷ್ಟೋ ತಿಂಗಳ ಮೇಲೆ ಊರು ಊರಿನ ಹಾಗೆ ಕಂಡಿತು. ಸುಳ್ಳು ಹೇಳುವುದೇಕೆ, ನನ್ನ ಮನಸ್ಸೂ ಸ್ವಲ್ಪ ಅರಳಿತು.

ಆಗ ಪಾಯಸ ಸೀದ ವಾಸನೆ ಬಂತು.

ಮೊದಲು ಯಾರದೋ ಮನೆಯದು ಎಂದುಕೊಂಡೆ. ಬಗ್ಗಿ ನೋಡಿದರೆ ಇವರು ಒಲೆಯ ಮುಂದೆಯೇ ಕುಳಿತು ಮಂತ್ರ ಹೇಳಿಕೊಳ್ಳುತ್ತ ಏಲಕ್ಕಿ ಬಿಡಿಸುತ್ತಿದ್ದಾರೆ. ಪಾತ್ರೆಯ ಅಂಚಿನಲ್ಲಿ ಹೊಗೆ ಏಳುತ್ತಿದೆ. ಮಾತು ಬಿಟ್ಟದ್ದು ಮರೆತು, "ರೀ, ತಳ ಹಿಡೀತಿದೆ!" ಎಂದು ಕೂಗಿದೆ.

ಇವರು ಬೆಚ್ಚಿ ಬಿದ್ದು ಪಾತ್ರೆ ಇಳಿಸಿದರು. "ಹೌದಲ್ಲ, ಮಂತ್ರದ ಕಡೆ ಗಮನ ಇತ್ತು" ಎಂದರು.

ಮಂತ್ರದ ಕಡೆ ಗಮನ ಇರಬಹುದು, ಮೂಗು ಎಲ್ಲಿತ್ತು? ಜಗಲಿಯಲ್ಲಿದ್ದ ನನಗೆ ಬಂದ ವಾಸನೆ ಒಲೆಯ ಬುಡದಲ್ಲಿದ್ದವರಿಗೆ ಬರಲಿಲ್ಲ. ಆಗಲೂ ನಾನು ಅಷ್ಟು ದೂರ ಯೋಚಿಸಲಿಲ್ಲ. ಇವರು ತೀರ್ಥದ ತಂಬಿಗೆಗೆ ಪಚ್ಚಕರ್ಪೂರ ಹಾಕಲು ಡಬ್ಬಿ ತೆಗೆದರು. ಪಚ್ಚಕರ್ಪೂರ ಸಾಸಿವೆಯಷ್ಟಾದರೆ ಹೆಚ್ಚು. ಇವರು ಚಿಟಿಕೆ ಹಾಕಿದರು, ತಂಬಿಗೆಯತ್ತ ಬಗ್ಗಿದರು, ಹುಬ್ಬು ಗಂಟಿಕ್ಕಿ ಇನ್ನೊಂದು ಚಿಟಿಕೆ ಹಾಕಿದರು. ಮತ್ತೊಂದು. ಜಗಲಿಯಲ್ಲಿದ್ದ ನನ್ನ ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಇವರ ಕಣ್ಣು ಒಣಗಿತ್ತು.

ನನ್ನ ಅಣ್ಣನ ನಗು ಕಿವಿಯಲ್ಲಿ ಕೇಳಿಸಿತು. ಹಾರ ಹಿಡಿದೇ ಎದ್ದೆ.

ಬೇರೆಯವರ ಮನೆಯಾಗಿದ್ದರೆ ಇದು ಎಂದೋ ಗೊತ್ತಾಗುತ್ತಿತ್ತು. ಬೆಳಗಿನ ಕಾಫಿಯ ಮೊದಲ ಗುಟುಕಿಗೇ ಗೊತ್ತಾಗುತ್ತಿತ್ತು. ನಮ್ಮಲ್ಲಿ ಹಾಗಿಲ್ಲ. ಪೂಜೆಯಾಗುವವರೆಗೆ ಇವರು ನೀರನ್ನೂ ಮುಟ್ಟುವುದಿಲ್ಲ. ನೈವೇದ್ಯಕ್ಕೆ ಮಾಡಿದ್ದನ್ನು ಮೊದಲು ನಾಲಿಗೆಗೆ ಹಾಕುವಂತಿಲ್ಲ, ಉಪ್ಪು ಸಿಹಿ ಎಲ್ಲ ಕೈ ಅಂದಾಜು. ದೇವರಿಗೆ ಏರಿಸುವ ಹೂವನ್ನು ಮೂಸುವಂತಿಲ್ಲ, ಮೂಸಿದರೆ ಅದು ಎಂಜಲು. ಮೂಗು ನಾಲಿಗೆ ಎರಡನ್ನೂ ಕಟ್ಟಿಹಾಕಿಕೊಂಡು ಕೆಲಸ ಮಾಡುವ ಮನೆತನ ಇದು. ಮೂಗು ನಾಲಿಗೆಯಿಂದಲೇ ಗೊತ್ತಾಗುವ ಕಾಯಿಲೆ ಇವರಿಗೆ ಬಂದರೆ ಹೇಳುವವರು ಯಾರು? ಹಿಂದಿನ ವಾರ ಇವರು ಸೋಮವಾರಪೇಟೆಯಲ್ಲಿ ಯಾರದೋ ತಿಥಿಗೆ ಹೋಗಿ ಬಂದದ್ದು ನೆನಪಾಯಿತು.

ಇವರು ತಂಬಿಗೆ ಹಿಡಿದು ಕೋಣೆಯಿಂದ ಹೊರಟರು. ಗರ್ಭಗುಡಿಗೆ ಹೋಗುವ ದಾರಿಗೆ ಅಡ್ಡ ನಿಂತೆ, ಮೈ ತಾಗದಷ್ಟು ದೂರದಲ್ಲಿ.

"ರೀ, ಈ ಹೂವನ್ನ ಒಂದ್ಸಲ ಮೂಸಿ ನೋಡಿ."

"ತಲೆ ಕೆಟ್ಟಿದೆಯಾ ನಿಂಗೆ? ದೇವರಿಗೆ ಕಟ್ಟಿದ ಹೂವು ಅದು."

"ನಿಮಗೆ ಪಾಯಸ ಸೀದದ್ದು ಗೊತ್ತಾಗ್ಲಿಲ್ಲ. ಕರ್ಪೂರದ ಘಾಟು ಗೊತ್ತಾಗ್ತಿಲ್ಲ. ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು."

ಇವರು ಒಮ್ಮೆ ತಂಬಿಗೆಯೊಳಗೆ ನೋಡಿದರು. ಆಮೇಲೆ ಸಿಟ್ಟು ಬಂತು. "ಸಭೆಯಲ್ಲಿ ಸೋತೆ ಅಂತ ಇವತ್ತು ಹೀಗೆ ಮಾಡ್ತಿದೀಯ. ಶೀತ ಆದ್ರೆ ಮೂಗು ಕಟ್ಟಲ್ವಾ? ಪೂಜೆಗೆ ಮುಂಚೆ ಮೂಸು ಅಂತೀಯಲ್ಲ, ನಮ್ಮಪ್ಪ ಇದ್ದಿದ್ರೆ ಈ ಮಾತು ಕೇಳಿ ಎದೆ ಒಡ್ಕೊಳ್ತಿದ್ರು. ದಾರಿ ಬಿಡು."

"ನಿಮ್ಮ ಮೂಗು ಕಟ್ಟಿಲ್ಲ. ನೆಟ್ಟಗೆ ಉಸಿರಾಡ್ತಿದೀರ."

"ದಾರಿ ಬಿಡು ಕಾತ್ಯಾಯನಿ!"

ದಾರಿ ಬಿಟ್ಟೆ. ಹೊರಗೆ ಜನ "ಹರ ಹರ" ಎಂದರು. ಬಾಗಿಲು ತೆರೆದ ಸದ್ದು, ಗಂಟೆಯ ಸದ್ದು. ಯಾರೋ ಹೆಂಗಸು ಬಿಕ್ಕಿ ಅತ್ತದ್ದು ಕೇಳಿಸಿತು.

ನಾನು ಹೊರಗೆ ಬಂದು ಕಂಬದ ಪಕ್ಕ ನಿಂತೆ. ಗರ್ಭಗುಡಿಯೊಳಗೆ ಇವರು ಒಬ್ಬರೇ, ಜನ ಇರುವುದು ದೂರ. ಅಭಿಷೇಕ, ಅಲಂಕಾರ, ನೈವೇದ್ಯ, ಆರತಿ ಆಗುವವರೆಗೆ ಯಾರಿಗೂ ಅಪಾಯವಿಲ್ಲ. ಆರತಿಯಾದ ಮೇಲೆ ಇವರು ತಂಬಿಗೆ ಹಿಡಿದು ಹೊಸ್ತಿಲು ದಾಟುತ್ತಾರೆ. ಒಬ್ಬೊಬ್ಬರ ಮುಂದೆಯೂ ನಿಂತು, ಬಗ್ಗಿ, ಮಂತ್ರ ಹೇಳುತ್ತ ಅಂಗೈಗೆ ತೀರ್ಥ ಹಾಕುತ್ತಾರೆ. ಮಂತ್ರ ಹೇಳುವ ಬಾಯಿಗೆ ಮಾಸ್ಕ್ ಇರುವುದಿಲ್ಲ. ಮೊದಲ ವೃತ್ತದಲ್ಲಿ ಸುಲೋಚನಮ್ಮ ನಿಂತಿದ್ದರು, ಹಸಿರು ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಆಗಲೇ ಅಂಗೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು.

ಅನಿಲನನ್ನು ಪಕ್ಕಕ್ಕೆ ಕರೆದು ಹೇಳಿದೆ.

"ಖಂಡಿತಾನಾ ಟೀಚರಮ್ಮ?"

"ಖಂಡಿತ ಇಲ್ಲ. ಅನುಮಾನ. ನೀನು ಹೇಳು, ನಿಲ್ಲಿಸು ಅಂತ."

"ನಾನೇ? ಮೊನ್ನೆ ಬೇಡ ಅಂದೋನು ನಾನು. ಈಗ ನಾನು ಬಾಯಿ ಬಿಟ್ರೆ ಬೇಕಂತ ಕಲ್ಲು ಹಾಕ್ತವ್ನೆ ಅಂತರೆ. ಚನ್ನಮಲ್ಲಪ್ಪಣ್ಣನ ಬಿಲ್ಡಿಂಗಲ್ಲೇ ನನ್ನ ಅಂಗಡಿ ಇರೋದು." ಅವನು ಒಂದು ಹೆಜ್ಜೆ ಹಿಂದೆ ಸರಿದ. "ನೀವು ಅವರ ಹೆಂಡ್ತಿ. ನೀವೇ ಹೇಳಿ."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಕೊನೆಗೂ ನನಗೇ ಬಂತು. ಹೇಳಿ ನನ್ನ ಅನುಮಾನ ಸುಳ್ಳಾದರೆ? ಶ್ರಾವಣದ ಮೊದಲ ಪೂಜೆ ಕೆಡಿಸಿದವಳು, ಗಂಡನ ಮಾನ ಕಳೆದವಳು ಎಂದು ಈ ಊರಿನಲ್ಲಿ ತಲೆಯೆತ್ತುವ ಹಾಗಿಲ್ಲ. ನಿಜವಾದರೆ ದೇವಸ್ಥಾನಕ್ಕೆ ರೋಗ ತಂದವರು ಎಂದು ಇವರನ್ನು ಎತ್ತಿ ಆಡುತ್ತಾರೆ. ಅತ್ತ ದರಿ, ಇತ್ತ ಪುಲಿ. ಒಳಗೆ ನೀರು ಸುರಿಯುವ ಸದ್ದು ನಿಂತಿತು. ಅಭಿಷೇಕ ಮುಗಿಯಿತು ಎಂದು ಅರ್ಥ.

ಆಗ ನನಗೆ ಹೊಳೆಯಿತು. ಪೂಜೆಗೆ ಮುಂಚೆ ಮೂಸಬಾರದು, ತಿನ್ನಬಾರದು. ಪೂಜೆಯಾದ ಮೇಲೆ? ಆಮೇಲೆ ಅದು ದೇವರ ಹೂವಲ್ಲ, ಪ್ರಸಾದ. ಪ್ರಸಾದವನ್ನು ಕಣ್ಣಿಗೊತ್ತಿ ಮೂಸುವುದೇ ಪದ್ಧತಿ. ಆರತಿ ಮುಗಿಯುವುದಕ್ಕೂ ಇವರು ಹೊಸ್ತಿಲು ದಾಟುವುದಕ್ಕೂ ನಡುವೆ ಒಂದಿಷ್ಟು ಹೊತ್ತಿದೆ. ಆ ಹೊತ್ತಿನಲ್ಲಿ ಇವರ ಶಾಸ್ತ್ರಕ್ಕೂ ನನ್ನ ಅನುಮಾನಕ್ಕೂ ಜಗಳವಿಲ್ಲ.

ಮಂಗಳಾರತಿಯಾಯಿತು. ಜನ ಕೈ ಮುಗಿದು ನಿಂತರು. ಇವರು ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ತೀರ್ಥದ ಚಮಚ ಉದ್ಧರಣೆ ಹಿಡಿದು ಬಾಗಿಲಿಗೆ ಬಂದರು. ಸುಲೋಚನಮ್ಮ ವೃತ್ತ ಬಿಟ್ಟು ಮುಂದೆ ಬಂದು ಅಂಗೈ ಚಾಚಿದರು. ನಾನು ಹೋಗಿ ಅವರಿಬ್ಬರ ನಡುವೆ ನಿಂತೆ.

"ಟೀಚರಮ್ಮ, ಇದೇನಿದು?" ಚನ್ನಮಲ್ಲಪ್ಪ ಗದರಿದರು.

ನಾನು ಅವರ ಕಡೆ ನೋಡಲಿಲ್ಲ. "ದೇವರ ಮೇಲಿನ ಒಂದು ಹೂವು ತನ್ನಿ" ಎಂದೆ ಇವರಿಗೆ. "ಈಗ ಅದು ಪ್ರಸಾದ. ಈಗ ಮೂಸಬಹುದು. ಎಲ್ಲರ ಮುಂದೆ ಮೂಸಿ, ವಾಸನೆ ಬರ್ತಿದೆ ಅಂತ ದೇವರ ಬಾಗಿಲಲ್ಲಿ ನಿಂತು ಹೇಳಿ. ನಾನು ನಿಮ್ಮ ಕಾಲಿಗೆ ಬಿದ್ದು ಮನೆಗೆ ಹೋಗ್ತೀನಿ."

ಗದ್ದಲವೆದ್ದಿತು. ಯಾರೋ "ಪೂಜೆಗೆ ಅಡ್ಡ ಬರ್ತಾಳಲ್ಲ" ಎಂದರು. ಚನ್ನಮಲ್ಲಪ್ಪ ಮುಂದೆ ಬಂದರು. ಇವರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಆಮೇಲೆ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋಗಿ, ಒಂದು ಸುಗಂಧರಾಜ ತಂದರು.

ಕಣ್ಣಿಗೊತ್ತಿಕೊಂಡರು. ಮೂಗಿನ ಬಳಿ ಹಿಡಿದು ಉಸಿರೆಳೆದರು. ಇನ್ನೊಮ್ಮೆ ಎಳೆದರು. ಆಮೇಲೆ ಹೂವನ್ನು ಬೆರಳಲ್ಲಿ ಹೊಸಕಿ ಮೂಗಿಗೆ ಒತ್ತಿ ಹಿಡಿದರು. ಬರುತ್ತಿದೆ ಎಂದುಬಿಡಲಿ ದೇವರೇ, ನಾನೇ ಸುಳ್ಳಾಗಲಿ ಎಂದು ನನ್ನ ಮನಸ್ಸು ಅರಚುತ್ತಿತ್ತು. ಇಷ್ಟು ವರ್ಷ ಸಂಸಾರ ಮಾಡಿ, ಇವರು ಇಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ಅವರು ಬೇಕಿದ್ದರೆ ಸುಳ್ಳು ಹೇಳಬಹುದಿತ್ತು. ಮೂಗು ಅವರದು, ಸಾಕ್ಷಿ ಯಾರೂ ಇಲ್ಲ.

"ಏನೂ ಇಲ್ಲ" ಎಂದರು. "ಏನೂ ಬರ್ತಿಲ್ಲ, ಕಾತೂ."

ಜನ ಒಟ್ಟಿಗೆ ಹಿಂದೆ ಸರಿದರು. ಇಳಿಸಿದ್ದ ಮಾಸ್ಕುಗಳೆಲ್ಲ ಮೂಗಿಗೇರಿದವು. ನನ್ನ ಗಂಡನಿಗೆ ಕಾಯಿಲೆ ಎಂದು ಗೊತ್ತಾದ ಹೊತ್ತಿನಲ್ಲೂ ನನಗೆ ಸಮಾಧಾನವಾಯಿತು. ಸದ್ಯ, ತೀರ್ಥ ಯಾರ ಕೈಗೂ ಬೀಳಲಿಲ್ಲ, ಗೆದ್ದೆ ಎನಿಸಿತು. ಹಿಂತಿರುಗಿ, "ಅಕ್ಕಾ, ಹಿಂದೆ ಹೋಗಿ" ಎಂದೆ.

ಸುಲೋಚನಮ್ಮ ಹೋಗಲಿಲ್ಲ. ಚಾಚಿದ ಅಂಗೈ ಹಾಗೇ ಇತ್ತು.

"ಹಿಂದೆ ಹೋಗಿ ಏನ್ಮಾಡ್ಲಿ ಟೀಚರಮ್ಮ? ನಿನ್ನೆ ಸಂಜೆ ಭಟ್ರು ನಮ್ಮನೆಗೆ ಬಂದು ತೀರ್ಥ ಕೊಟ್ಟೋಗವ್ರೆ."

ನಾನು ಇವರ ಕಡೆ ತಿರುಗಿದೆ. ಬಿಲ್ವಪತ್ರೆಗೆಂದು ಹೋದವರು.

"ಅವರನ್ನ ಬಯ್ಯಬೇಡಿ" ಎಂದರು ಚನ್ನಮಲ್ಲಪ್ಪ. ಆ ದೊಡ್ಡ ದನಿ ಎಲ್ಲಿ ಹೋಯಿತೋ. "ಕಾರು ಕಳ್ಸಿ ಕರ್ಸಿದ್ದು ನಾನು. ಇವತ್ತು ಜನ ಸೇರ್ತರೆ, ಅದರ ಮಧ್ಯೆ ಇವಳು ಬರದು ಬೇಡ, ಮನೇಲೇ ತಗಳ್ಳಿ ಅಂತ. ಹುಷಾರಿಗೆ ಅಂತ ಮಾಡಿದ್ದು. ಭಟ್ರು ಪಡಸಾಲೇಲಿ ಕೂತು ಒಂದ್ ಗಂಟೆ ಮಾತಾಡಿದ್ರು. ಅದು ಸಾಲ್ದು ಅಂತ ಇವಳು ಇವತ್ತೂ ಹಟ ಮಾಡಿ ಬಂದ್ಲು."

"ಇಲ್ಲ ಅನ್ನೋಕೆ ಆಗ್ಲಿಲ್ಲ ಕಾತೂ" ಎಂದರು ಇವರು.

ನಾವು ಸಭೆ ಸೇರಿ, ಇವತ್ತೋ ನಾಳೆಯೋ ಎಂದು ಹರಟಿದ್ದೇ ಬಂತು. ಬಾಗಿಲು ಹಿಂದಿನ ದಿನವೇ ತೆರೆದಿತ್ತು, ಹಿತ್ತಿಲ ಕಡೆಯಿಂದ. ನನಗೆ ಎಷ್ಟು ಸಿಟ್ಟು ಬಂತೆಂದರೆ ಇಬ್ಬರು ಗಂಡಸರನ್ನೂ ಅಲ್ಲೇ ಹೊಡೆದುಬಿಡಬೇಕು ಎನಿಸಿತು.

"ಆಗಿದ್ದು ಆಗೋಯ್ತು" ಎಂದರು ಸುಲೋಚನಮ್ಮ. ಅವರಿಗೆ ಸಿಟ್ಟಿರಲಿಲ್ಲ. "ಮನೇಲಿ ತಗಂಡಿದ್ದು ಲೆಕ್ಕಕ್ಕಿಲ್ಲ ಟೀಚರಮ್ಮ. ನಾನು ಹೇಳ್ಕಂಡಿದ್ದು ಈ ಬಾಗ್ಲಲ್ಲಿ. ಬರೋದಾಗಿದ್ರೆ ನಿನ್ನೇನೇ ಬಂದದೆ. ಇವತ್ತಿಂದೂ ಒಂದು ಹನಿ ಹಾಕ್ಬುಡಿ ಭಟ್ರೆ. ನನ್ನ ಹರಕೆ ತೀರ್ಲಿ."

ಇವರು ಬಗ್ಗಿ ತಂಬಿಗೆ ಎತ್ತಿಕೊಂಡರು. ಕಣ್ಣಲ್ಲಿ ನೀರಿತ್ತು. ಉದ್ಧರಣೆ ತುಂಬಿಕೊಂಡಿತು. ಇವರು ಕೊಟ್ಟೇಬಿಡುತ್ತಾರೆ ಎಂದು ನನಗೆ ಗೊತ್ತಾಯಿತು. ನಿನ್ನೆಯದು ತಾಗಿರಲಿಕ್ಕಿಲ್ಲ, ಇನ್ನೂ ಉಳಿಯಲು ದಾರಿಯಿದೆ, ಆ ದಾರಿಯನ್ನೂ ಇವರು ಕನಿಕರದಿಂದಲೇ ಮುಚ್ಚುತ್ತಾರೆ ಎನಿಸಿತು. ಮಡಿ ಎನ್ನುವುದನ್ನೂ ನೋಡದೆ ಕೈ ಹಾಕಿ ತಂಬಿಗೆ ಕಿತ್ತುಕೊಂಡೆ. ಅಂಗಳಕ್ಕೆ ನಡೆದು ತೆಂಗಿನ ಬುಡಕ್ಕೆ ಅಷ್ಟನ್ನೂ ಸುರಿದೆ. ಪಚ್ಚಕರ್ಪೂರದ ಘಾಟು ಅಂಗಳವಿಡೀ ಹರಡಿತು.

ತಿರುಗಿ ನೋಡಿದರೆ ಸುಲೋಚನಮ್ಮನ ಅಂಗೈ ಇನ್ನೂ ಚಾಚಿಯೇ ಇತ್ತು. ಆಮೇಲೆ ನಿಧಾನಕ್ಕೆ ಅದನ್ನು ಸೆರಗಿನೊಳಗೆ ಎಳೆದುಕೊಂಡರು. ಅನಿಲ ವ್ಯಾನು ತಂದು ಇವರನ್ನೂ ನನ್ನನ್ನೂ ಟೆಸ್ಟಿಗೆ ಕರೆದುಕೊಂಡು ಹೋದ.

ಇವರಿಗೆ ಪಾಸಿಟಿವ್ ಬಂತು. ನನಗೂ ಬಂತು, ಎರಡು ದಿನ ತಡವಾಗಿ. ನಮಗೆ ಲಸಿಕೆಯಾಗಿತ್ತು, ಜ್ವರ ಕೆಮ್ಮು ಅನುಭವಿಸಿ ಎದ್ದೆವು. ಸುಲೋಚನಮ್ಮನಿಗೆ ಆ ವಾರ ಕಳೆಯುವುದರೊಳಗೆ ಉಸಿರು ಕಟ್ಟತೊಡಗಿತು. ಮಡಿಕೇರಿಗೆ ಸೇರಿಸಿದರು. ದಿನಾ ಫೋನ್ ಮಾಡಿ ಕೇಳುತ್ತಿದ್ದೆ, ದಿನಾ ಹಾಗೇ ಇದೆ ಎನ್ನುತ್ತಿದ್ದರು. ಗೌರಿಹಬ್ಬಕ್ಕೆ ಮುಂಚೆ ಹೋಗಿಬಿಟ್ಟರು. ಅವರ ಪದ್ಧತಿಯಲ್ಲಿ ಕೂರಿಸಿ ಸಮಾಧಿ ಮಾಡಬೇಕು, ಕೈಗೆ ಇಷ್ಟಲಿಂಗ ಕೊಡಬೇಕು. ಸುತ್ತಿ ತಂದದ್ದನ್ನು ಬಿಚ್ಚಲಿಕ್ಕಿಲ್ಲವೆಂದು ಮಲಗಿಸಿಯೇ ಮಣ್ಣು ಮಾಡಿದರು.

ಅದಾಗಿ ಕೆಲವು ದಿನಕ್ಕೆ ಚನ್ನಮಲ್ಲಪ್ಪ ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಗೇಟಿನಲ್ಲೇ ನಿಂತರು. ಇವರು ಮಲಗಿದ್ದರು. ಹೆಂಡತಿಯನ್ನು ಕೊಂದವರು ನೀವು ಎಂದು ಬಯ್ಯಲು ಬಂದಿರಬೇಕು ಎಂದುಕೊಂಡೆ. ಬಯ್ದರೆ ಬಯ್ಸಿಕೊಳ್ಳಲು ಸಿದ್ಧವಾಗಿದ್ದೆ.

"ಭಟ್ರ ಮೇಲೆ ನಂಗೆ ಸಿಟ್ಟಿಲ್ಲ" ಎಂದರು. "ಕರ್ಸಿದ್ದು ನಾನು. ಸೂಜಿ ಬೇಡ ಅಂದಿದ್ದೂ ನಾನೇ. ಅದು ನನ್ನ ಎದೇಲಿ ಇರ್ತದೆ, ನಿಮಗ್ಯಾಕೆ. ಒಂದೇ ಒಂದು ಕೇಳ್ಬೇಕು ಅಂತ ಬಂದೆ ಟೀಚರಮ್ಮ. ಹೆಂಗೂ ಹೋಗೋಳು ಹೋದ್ಲು. ಆಸ್ಪತ್ರೇಲೂ ಅದನ್ನೇ ಅಂತಿದ್ಲು. ಆವತ್ತು ಆ ತೀರ್ಥಾನ ಅವಳ ಕೈಗೆ ಹಾಕ್ಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಉತ್ತರ ಇತ್ತು. ಆವತ್ತು ಅವರು ಸಾಯುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಉಳಿಸಲಿಕ್ಕೆಂದೇ ಚೆಲ್ಲಿದ್ದು. ನಾಳೆ ಮತ್ತೆ ಹಾಗೇ ಆದರೆ ಮತ್ತೆ ಚೆಲ್ಲುತ್ತೇನೆ. ಇದೆಲ್ಲ ನಾಲಿಗೆಯ ತುದಿಯವರೆಗೆ ಬಂತು. ಅವರು ಗೇಟಿನ ಸರಳು ಹಿಡಿದು, ನಿಜವಾಗಿಯೂ ಉತ್ತರ ಬೇಕು ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ತಪ್ಪಾಯ್ತು ಅಣ್ಣಾ" ಎಂದೆ.

ತಪ್ಪಾಗಿರಲಿಲ್ಲ. ಆದರೂ ಅಂದೆ. ಅವರು ತಲೆಯಾಡಿಸಿ, ಚಪ್ಪಲಿ ಎಳೆಯುತ್ತ ರಸ್ತೆಗೆ ಇಳಿದು ಹೋದರು.